ಗೋಪುರಗಳ ಬುಡದಲ್ಲಿ ಒಂದು ಕಂಪುಂಗ್: ಅದು ಉಳಿದದ್ದು ಹೇಗೆ, ಮಿಕ್ಕವು ಅಳಿದದ್ದು ಹೇಗೆ?

ಪ್ರಶ್ನೆ: ಕ್ವಾಲಾಲಂಪುರದಲ್ಲಿ ಪೆಟ್ರೊನಾಸ್ ಗೋಪುರಗಳ ಎದುರಿಗೇ, ನದಿಯ ಇನ್ನೊಂದು ದಡದಲ್ಲಿ, ಕಂಬಗಳ ಮೇಲೆ ನಿಂತ ಮರದ ಮನೆಗಳ ಹಳ್ಳಿಯೊಂದನ್ನು ನೋಡಿದೆ. ಆರು ವರ್ಷದಿಂದ ಸಿಂಗಪುರದಲ್ಲಿದ್ದೇನೆ, ಇಲ್ಲಿ ಅಂಥದ್ದು ಕಣ್ಣಿಗೆ ಬಿದ್ದಿಲ್ಲ. ಅಷ್ಟು ಬೆಲೆಬಾಳುವ ಜಾಗದಲ್ಲಿ ಆ ಹಳ್ಳಿ ಹೇಗೆ ಉಳಿಯಿತು? ಮಲಯ ಮನೆಗಳನ್ನು ಬಿಚ್ಚಿ ಬೇರೆಡೆ ಜೋಡಿಸಬಹುದಂತೆ, ಹಾಗಿದ್ದರೆ ಅವನ್ನು ಉಳಿಸಿಕೊಳ್ಳಲು ಏನಡ್ಡಿ? ಫ್ಲ್ಯಾಟುಗಳಿಗೆ ಹೋದವರು ನಿಜಕ್ಕೂ ಕಳೆದುಕೊಂಡದ್ದೇನು?

ಉತ್ತರ: ನೀವು ನೋಡಿದ್ದು ಕಂಪುಂಗ್ ಬಾರು. ‘ಕಂಪುಂಗ್’ ಎಂದರೆ ಹಳ್ಳಿ, ‘ಬಾರು’ ಎಂದರೆ ಹೊಸತು. ನೂರಿಪ್ಪತ್ತು ವರ್ಷ ದಾಟಿದ ಊರಿಗೆ ಇನ್ನೂ ಹೊಸಹಳ್ಳಿ ಎಂದೇ ಹೆಸರು. ನಮ್ಮಲ್ಲಿ ಹೊಸಕೋಟೆ ಇಲ್ಲವೇ, ಹಾಗೆ. ಅದು ಉಳಿದದ್ದಕ್ಕೆ ಕಾರಣ ಮರದಲ್ಲಾಗಲಿ ಜನರ ಹಟದಲ್ಲಾಗಲಿ ಹುಡುಕಿದರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಮಿಕ್ಕರ್ಧ ಇರುವುದು ಭೂಮಿಯ ಕಾಗದದಲ್ಲಿ. ಹಾಗಾಗಿ ಮನೆಗಿಂತ ಮೊದಲು ನೆಲದ ವಿಷಯ.

1900ರಲ್ಲಿ ಬ್ರಿಟಿಷ್ ಆಡಳಿತ ಸೆಲಂಗೋರ್ ಸುಲ್ತಾನರ ಒಪ್ಪಿಗೆಯೊಂದಿಗೆ ಸುಮಾರು 220 ಎಕರೆಯನ್ನು ‘ಮಲಯ ಕೃಷಿ ವಸಾಹತು’ ಎಂದು ಗುರುತಿಸಿತು. ತವರ ಗಣಿಗಳಿಂದ ಬೆಳೆಯುತ್ತಿದ್ದ ಪಟ್ಟಣದಲ್ಲಿ ಮಲಯ ಜನರೂ ಬೇರೂರಲಿ, ತರಕಾರಿ ಬೆಳೆಯಲಿ, ಕುಶಲ ಕೆಲಸ ಮಾಡಲಿ ಎಂಬುದು ಲೆಕ್ಕಾಚಾರ. ಬೇಸಾಯ ಕೈಗೂಡಲಿಲ್ಲ, ಜನ ಗುಮಾಸ್ತಿಕೆ, ಪೊಲೀಸು, ರೈಲ್ವೆ ಕೆಲಸ ಹಿಡಿದರು. ಷರತ್ತು ಮಾತ್ರ ಉಳಿಯಿತು: ಈ ನೆಲವನ್ನು ಮಲಯರಲ್ಲದವರಿಗೆ ಮಾರುವಂತಿಲ್ಲ. ಒಳಗೆ ಏಳು ಸಣ್ಣ ಹಳ್ಳಿಗಳಿವೆ. ಅವುಗಳ ಹೆಸರುಗಳೇ ನೆಲದ ಗುಣ ಹೇಳುತ್ತವೆ. ‘ಪಾಯಾ’ ಎಂದರೆ ಜೌಗು, ‘ಹುಜುಂಗ್ ಪಾಸಿರ್’ ಎಂದರೆ ಮರಳಿನ ತುದಿ, ‘ಅತಾಸ್’ ಎಂದರೆ ಮೇಲಿನದು.

ನದಿಯಾಚೆ ಹಿಂದೆ ಕುದುರೆ ಪಂದ್ಯದ ಮೈದಾನವಿತ್ತು. ಆ ಜಾಗದಲ್ಲಿ 1998ರ ಹೊತ್ತಿಗೆ 452 ಮೀಟರ್ ಎತ್ತರದ ಅವಳಿ ಗೋಪುರಗಳು ಎದ್ದವು. ಅಲ್ಲಿ ಯಾವ ಕಂಪನಿ ಬೇಕಾದರೂ ಕೊಳ್ಳಬಹುದು, ಇಲ್ಲಿ ಕೊಳ್ಳುವವರ ಪಟ್ಟಿ ಕಾನೂನಿನಿಂದಲೇ ಚಿಕ್ಕದು. ಕೊಳ್ಳುವವರು ಕಡಿಮೆಯಾದರೆ ಬೆಲೆ ಇಳಿಯುತ್ತದೆ. ಮುಟ್ಟುಗೋಲು ಹಾಕಿದ ಆಸ್ತಿಯನ್ನು ಬ್ಯಾಂಕ್ ಸಲೀಸಾಗಿ ಮಾರಲಾರದು, ಹಾಗಾಗಿ ಸಾಲ ಕೊಡಲು ಹಿಂಜರಿಯುತ್ತದೆ. ಸಾಲವಿಲ್ಲದೆ ಮನೆ ರಿಪೇರಿಯಿಲ್ಲ. ಹಳ್ಳಿಯನ್ನು ಕಾಪಾಡಿದ ನಿಯಮವೇ ಅದರ ಮಾಡು ಸೋರುವಂತೆಯೂ ಮಾಡಿತು. ಇದನ್ನು ಬರೀ ವರ ಎಂದು ಕೊಂಡಾಡುವವರನ್ನೂ ಬರೀ ಶಾಪ ಎಂದು ಹಳಿಯುವವರನ್ನೂ ನಾನು ಒಪ್ಪುವುದಿಲ್ಲ. ಆ ಷರತ್ತು ಇಲ್ಲದಿದ್ದರೆ ಇವತ್ತು ಚರ್ಚೆ ಮಾಡಲು ಹಳ್ಳಿಯೇ ಇರುತ್ತಿರಲಿಲ್ಲ ಎಂಬುದಂತೂ ಖಚಿತ.

ಎರಡನೆಯ ಗಂಟು ಪಾಲಿನದು. ಪಿತ್ರಾರ್ಜಿತಕ್ಕೆ ಮಲಯ ಭಾಷೆಯಲ್ಲಿ ‘ಹರ್ತಾ ಪುಸಾಕಾ’ ಎನ್ನುತ್ತಾರೆ. ‘ಹರ್ತಾ’ ನಮ್ಮ ‘ಅರ್ಥ’ವೇ. ಅದು ಹಂಚಿಕೆಯಾಗುವುದು ಇಸ್ಲಾಮಿನ ಫರಾಯಿದ್ ನಿಯಮದಂತೆ. 6,000 ಚದರಡಿಯ ಒಂದು ನಿವೇಶನ ತೆಗೆದುಕೊಳ್ಳಿ. ಯಜಮಾನ ತೀರಿಕೊಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಹೆಂಡತಿಗೆ ಎಂಟನೇ ಒಂದು ಪಾಲು. ಉಳಿದದ್ದರಲ್ಲಿ ಗಂಡುಮಗನಿಗೆ ಎರಡು ಭಾಗ, ಹೆಣ್ಣುಮಗಳಿಗೆ ಒಂದು. ಮುಂದೆ ತಾಯಿಯೂ ತೀರಿದಾಗ ಆಕೆಯ ಪಾಲೂ ಮಕ್ಕಳಿಗೆ ಇದೇ ಲೆಕ್ಕದಲ್ಲಿ ಬಂದು, ಮಗನಿಗೆ ಒಟ್ಟು 2,000, ಮಗಳಿಗೆ 1,000 ಚದರಡಿ ಆಗುತ್ತದೆ. ಆ ಮಗಳು ಗಂಡ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಹೋದಳೆನ್ನಿ. ಗಂಡನಿಗೆ ಕಾಲು ಭಾಗ, ಅಂದರೆ 250, ಮಗನಿಗೆ 375, ಹೆಣ್ಣುಮಕ್ಕಳಿಗೆ ತಲಾ 187.5. ಇದು ಮೂರನೇ ತಲೆಮಾರು. ಕಂಪುಂಗ್ ಬಾರುವಿನಲ್ಲಿ ಈಗ ಇರುವುದು ನಾಲ್ಕನೆಯದು, ಐದನೆಯದು. ಸಾವಿರಕ್ಕೂ ಹೆಚ್ಚು ನಿವೇಶನಗಳಿಗೆ ಐದು ಸಾವಿರದ ಆಸುಪಾಸು ಮಾಲೀಕರಿದ್ದಾರೆಂದರೆ ಆಶ್ಚರ್ಯವಿಲ್ಲ. ಅದೂ ಲೆಕ್ಕಕ್ಕೆ ಸಿಕ್ಕವರು ಮಾತ್ರ. ಎಷ್ಟೋ ಕಾಗದಗಳಲ್ಲಿ ತೀರಿಹೋದವರ ಹೆಸರೇ ಇದೆ. ಪೌತಿ ಖಾತೆ ಮಾಡಿಸಲು ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾಲು ಕಾಗದದ ಮೇಲಷ್ಟೇ ಒಡೆಯುತ್ತದೆ, ನೆಲ ಒಡೆಯುವುದಿಲ್ಲ. ಮನೆಯಲ್ಲಿ ವಾಸವಿರುವವನು 375 ಚದರಡಿಯ ಒಡೆಯನಾದರೂ ಇಡೀ 6,000 ಚದರಡಿಯನ್ನು ಬಳಸುತ್ತಿರುತ್ತಾನೆ. ಹಿಂದೆ ಎರಡು ಕೋಣೆ ಕಟ್ಟಿ ಬಾಡಿಗೆಗೆ ಬಿಟ್ಟಿರುತ್ತಾನೆ, ಮುಂದೆ ಸಂಜೆ ನಾಸಿ ಲೆಮಾಕ್ ಎಂಬ ತೆಂಗಿನಹಾಲಿನ ಅನ್ನ ಮಾರುವ ಅಂಗಡಿ ಇರುತ್ತದೆ. ದೂರದ ಊರಲ್ಲಿರುವ ಸೋದರತ್ತೆಯ ಮಗಳಿಗೆ ಈ ನೆಲದಿಂದ ಬಿಡಿಗಾಸೂ ಬರುತ್ತಿರುವುದಿಲ್ಲ. ಮಾರಾಟದ ಮಾತು ಬಂದಾಗ ಅವಳಿಗೆ ಸಿಗುವುದೆಲ್ಲ ಲಾಭ, ಇವನಿಗೆ ಹೆಚ್ಚುಪಾಲು ನಷ್ಟ. ಪತ್ರಿಕೆಗಳು ‘ಮಾಲೀಕರು ಒಪ್ಪುತ್ತಿಲ್ಲ’ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುತ್ತವೆ. ನಿಜವಾದ ಭಿನ್ನಾಭಿಪ್ರಾಯ ಇರುವುದು ವಾಸವಿರುವವರಿಗೂ ಪಾಲಷ್ಟೇ ಇರುವವರಿಗೂ ನಡುವೆ.

ಸರ್ಕಾರ 2011ರಲ್ಲಿ ಪ್ರತ್ಯೇಕ ಕಾಯ್ದೆ ತಂದು ಕಂಪುಂಗ್ ಬಾರುವಿಗೆಂದೇ ಅಭಿವೃದ್ಧಿ ನಿಗಮ ಸ್ಥಾಪಿಸಿತು, 2015ರಲ್ಲಿ ಗಗನಚುಂಬಿಗಳ ವಿವರವಾದ ನಕ್ಷೆಯೂ ಬಂತು. 2019ರಲ್ಲಿ ಆಗಿನ ಒಕ್ಕೂಟ ಪ್ರದೇಶಗಳ ಸಚಿವ ಖಾಲಿದ್ ಸಮದ್ ಚದರಡಿಗೆ 850 ರಿಂಗಿಟ್ (ಮಲೇಷ್ಯಾದ ಹಣ) ಕೊಡುವುದಾಗಿ ಹೇಳಿದರು. ಅಸಮಾಧಾನ ಎದ್ದಾಗ ಅದನ್ನು 1,000ಕ್ಕೆ ಏರಿಸಿದರು: 850 ನಗದು, 150 ಷೇರಿನ ರೂಪದಲ್ಲಿ. ಮೇಲಿನ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. 187.5 ಚದರಡಿಯವಳಿಗೆ ಷೇರೂ ಸೇರಿ 1,87,500 ರಿಂಗಿಟ್. ಅಷ್ಟಕ್ಕೆ ಆ ನಗರದ ನಡುಭಾಗದಲ್ಲಿ ಸಂಸಾರ ಹಿಡಿಸುವ ಹೊಸ ಫ್ಲ್ಯಾಟ್ ಬರುವುದಿಲ್ಲ. ಮುಂದಿನ ತಲೆಮಾರಿನ 40 ಚದರಡಿಯವನಿಗೆ 40,000, ಒಂದು ಸಾಧಾರಣ ಕಾರಿನ ಹಣ. 2020ರ ಆರಂಭದಲ್ಲಿ ಸರ್ಕಾರ ಬದಲಾಯಿತು, ಮಾತು ನೆನೆಗುದಿಗೆ ಬಿತ್ತು.

ಈಗ ಸಿಂಗಪುರ. ಅಲ್ಲಿ ಕಂಪುಂಗಿನ ಬಹುಪಾಲು ಜನರದ್ದು ‘ಮನೆ ನಮ್ಮದು, ನೆಲ ಬೇರೆಯವರದು’ ಎಂಬ ಸ್ಥಿತಿ. ನೆಲದೊಡೆಯನಿಗೆ ತಿಂಗಳಿಗೆ ಕೆಲವು ಡಾಲರ್ ತಳಬಾಡಿಗೆ ಕೊಟ್ಟು ಅದರ ಮೇಲೆ ತಮ್ಮ ಮನೆ ಕಟ್ಟಿಕೊಳ್ಳುತ್ತಿದ್ದರು. ಸರ್ಕಾರ ಮಾತಾಡಬೇಕಾದದ್ದು ನೂರು ಮನೆಯವರೊಡನೆ ಅಲ್ಲ, ಒಬ್ಬ ಭೂಮಾಲೀಕನೊಡನೆ. ಆ ಮಾತುಕತೆಯೂ ಸಮಬಲದ್ದಾಗಿರಲಿಲ್ಲ. 1966ರ ಭೂಸ್ವಾಧೀನ ಕಾಯ್ದೆಗೆ ಆಮೇಲೆ ಬಂದ ತಿದ್ದುಪಡಿ ಪ್ರಕಾರ, 1973ರ ನವೆಂಬರ್ 30ರ ಬೆಲೆ ಅಥವಾ ಅಧಿಸೂಚನೆಯ ದಿನದ ಬೆಲೆ, ಇವೆರಡರಲ್ಲಿ ಕಡಿಮೆಯದ್ದೇ ಪರಿಹಾರ. ಊರು ಬೆಳೆದು ನೆಲದ ದರ ಏರಿದರೂ ಪರಿಹಾರ ಅಲ್ಲೇ ಕಟ್ಟಿಹಾಕಿದಂತೆ ಇರುತ್ತಿತ್ತು. ಆ ದಿನಾಂಕವನ್ನು ಮುಂದೆ ಹಲವು ಸಲ ಸರಿಸಿದರು, ಪೂರ್ತಿ ಮಾರುಕಟ್ಟೆ ಬೆಲೆ ಕೊಡುವ ನಿಯಮ ಬಂದದ್ದು 2007ರಲ್ಲಿ. ಅಷ್ಟರಲ್ಲಿ ಕಂಪುಂಗುಗಳ ಕತೆ ಮುಗಿದಿತ್ತು.

ಜನರನ್ನು ಸೇರಿಸಲು ಇನ್ನೊಂದು ಕಡೆ ಮನೆಗಳು ಸಿದ್ಧವಾಗುತ್ತಿದ್ದವು. 1960ರ ಫೆಬ್ರವರಿಯಲ್ಲಿ ಆರಂಭವಾದ ಎಚ್‌ಡಿಬಿ ಎಂಬ ವಸತಿ ಮಂಡಳಿ ಮೊದಲ ಐದು ವರ್ಷದಲ್ಲೇ 50 ಸಾವಿರಕ್ಕೂ ಹೆಚ್ಚು ಫ್ಲ್ಯಾಟ್ ಕಟ್ಟಿತು. 1961ರ ಮೇ 25ರಂದು ಬುಕಿತ್ ಹೋ ಸ್ವೀಯ ಬೆಂಕಿಯಲ್ಲಿ ಸುಮಾರು 16 ಸಾವಿರ ಜನ ಮನೆ ಕಳೆದುಕೊಂಡಾಗ, ವರ್ಷದೊಳಗೆ ಅವರಿಗಾಗಿ ಫ್ಲ್ಯಾಟುಗಳು ಎದ್ದವು. ಅದು ಮುಖ್ಯವಾಗಿ ಚೀನೀಯರ ಕಂಪುಂಗ್ ಎಂಬುದನ್ನು ನೆನಪಿಡಿ. ಸಿಂಗಪುರದಲ್ಲಿ ‘ಕಂಪುಂಗ್’ ಪದ ಮಲಯರದ್ದಾದರೂ ಆ ಬದುಕು ಎಲ್ಲರದ್ದಾಗಿತ್ತು. ಸೋಗೆಯ ಮಾಡು, ಒತ್ತೊತ್ತಾದ ಮರದ ಗೋಡೆ, ಸೀಮೆಎಣ್ಣೆ ಒಲೆ, ಸಾಮೂಹಿಕ ನಲ್ಲಿ: ಕಿಡಿ ಬಿದ್ದರೆ ಆರಿಸುವ ದಾರಿಯಿರಲಿಲ್ಲ. ಕಂಪುಂಗ್ ಕಾಲವನ್ನು ಬಣ್ಣಿಸುವವರು ಬಕೆಟ್ ಶೌಚಾಲಯವನ್ನು ಮಾತ್ರ ಮರೆತುಬಿಡುತ್ತಾರೆ.

ಮಲಯರಿಗೆಂದೇ ಮೀಸಲಿಟ್ಟ ಹಳ್ಳಿ ಸಿಂಗಪುರದಲ್ಲೂ ಇತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು. 1920ರ ದಶಕದ ಕೊನೆಯಲ್ಲಿ ಮಲಯ ಮುಖಂಡ ಮಹಮ್ಮದ್ ಯೂನುಸ್ ಅಬ್ದುಲ್ಲಾ ಮತ್ತು ಅವರ ಸಂಘಟನೆಯ ಒತ್ತಾಯಕ್ಕೆ ಮಣಿದು ಬ್ರಿಟಿಷರು ಕೊಟ್ಟ ಹಣದಲ್ಲಿ 600 ಎಕರೆಗೂ ಹೆಚ್ಚು ಜಾಗ ಕೊಂಡು ಕಂಪುಂಗ್ ಮೆಲಾಯು ಕಟ್ಟಿದರು. ಅದೂ 1980ರ ದಶಕದ ಹೊತ್ತಿಗೆ ಹೆದ್ದಾರಿಗೆ, ಫ್ಲ್ಯಾಟುಗಳಿಗೆ ಹೋಯಿತು. ಈಗ ಆ ಕಡೆ ಬಸ್ಸಿನಲ್ಲಿ ಹೋಗುವಾಗ ಕಾಣುವ ‘ಯೂನುಸ್’ ಎಂಬ ರಸ್ತೆ, ನಿಲ್ದಾಣಗಳ ಹೆಸರು ಅವರದೇ. ಎರಡು ಊರು, ಹೆಚ್ಚುಕಮ್ಮಿ ಒಂದೇ ಉದ್ದೇಶ. ಮಲೇಷ್ಯಾದಲ್ಲಿ ಮಲಯ ಮೀಸಲು ಭೂಮಿಗೆ 1913ರಿಂದ ಕಾನೂನಿನ ಬೆನ್ನೆಲುಬಿತ್ತು, ಸ್ವಾತಂತ್ರ್ಯಾನಂತರ ಸಂವಿಧಾನದ ಆಸರೆಯೂ ಸಿಕ್ಕಿತು. ಸಿಂಗಪುರದ ಸಂವಿಧಾನ ಮಲಯರ ವಿಶೇಷ ಸ್ಥಾನವನ್ನು ಒಪ್ಪಿದರೂ ನೆಲದ ಮೀಸಲಾತಿಯನ್ನು ಇಟ್ಟುಕೊಳ್ಳಲಿಲ್ಲ.

ಅಂದಹಾಗೆ ನೀವು ಇರುವ ಊರಿನಲ್ಲೇ ಒಂದು ಉಳಿದಿದೆ. ಮುಖ್ಯ ದ್ವೀಪದ ಕೊನೆಯ ಹಳ್ಳಿ ಎನ್ನಲಾಗುವ ಕಂಪುಂಗ್ ಲೊರೊಂಗ್ ಬುವಾಂಗ್‌ಕೊಕ್, ಸುಮಾರು ಮೂರು ಎಕರೆ, ಇಪ್ಪತ್ತೈದರಷ್ಟು ಮನೆ, ಮಲಯರೂ ಚೀನೀಯರೂ ಇದ್ದಾರೆ. ಅದು ಉಳಿದದ್ದಕ್ಕೂ ಕಾರಣ ನೆಲವೇ: 1950ರ ದಶಕದಿಂದ ಒಂದೇ ಕುಟುಂಬದ ಕೈಯಲ್ಲಿದೆ, ಅವರು ಮಾರಿಲ್ಲ, ಬಾಡಿಗೆ ಏರಿಸಿಲ್ಲ. ನಗರ ಯೋಜನೆಯ ನಕ್ಷೆಯಲ್ಲಿ ಆ ಜಾಗಕ್ಕೆ ರಸ್ತೆ, ಶಾಲೆ ಎಂದು ಬರೆದಾಗಿದೆ. ನೋಡಬೇಕಿದ್ದರೆ ಬೇಗ ಹೋಗಿ, ಅಂಗಳದೊಳಗೆ ಕೇಳದೆ ಕಾಲಿಡಬೇಡಿ.

ಇನ್ನು ಮನೆ ಬಿಚ್ಚಿ ಸಾಗಿಸುವ ವಿಷಯ. ಸಾಧ್ಯ. ಹಳೆಯ ಮಲಯ ಮನೆ ಮೊಳೆಯಿಲ್ಲದೆ, ಗಾಡಿ (ಮರಕ್ಕೆ ಮರ ಕೂರಿಸಲು ಕೊರೆದ ಕಚ್ಚು) ಮತ್ತು ಬೆಣೆಗಳ ಮೇಲೆ ನಿಲ್ಲುವ ಚೌಕಟ್ಟು. ನಡುಮನೆಗೆ ಅವರು ‘ರುಮಾ ಇಬು’, ಅಂದರೆ ತಾಯಿಮನೆ, ಎನ್ನುತ್ತಾರೆ. ಮುಂದಿನ ಜಗಲಿ ‘ಸೆರಾಂಬಿ’, ಅದರ ನೆಲ ನಡುಮನೆಗಿಂತ ಒಂದು ಮೆಟ್ಟಿಲು ತಗ್ಗು. ಹಿಂದೆ ಇನ್ನೂ ತಗ್ಗಿನಲ್ಲಿ ಅಡುಗೆಮನೆ ‘ದಾಪುರ್’, ಎರಡನ್ನೂ ಸೇರಿಸುವ ಕಿರಿದಾದ ‘ಸೆಲಾಂಗ್’. ಮೊದಲು ನಿಲ್ಲಿಸುವ, ಪೂಜ್ಯವೆಂದು ಎಣಿಸುವ ಕಂಬ ‘ತಿಯಾಂಗ್ ಸೆರಿ’. ಆ ‘ಸೆರಿ’ ನಮ್ಮ ‘ಶ್ರೀ’. ಕಂಬಗಳು ಮಣ್ಣಿನಲ್ಲಿ ಹೂತಿರುವುದಿಲ್ಲ, ಅಡಿಗಲ್ಲಿನ ಮೇಲೆ ಕೂತಿರುತ್ತವೆ. ಚಿಕ್ಕ ಮನೆಯಾದರೆ ತಳಕ್ಕೆ ಬಿದಿರು ಗಳ ಕಟ್ಟಿ ಊರವರೆಲ್ಲ ಹೆಗಲು ಕೊಟ್ಟು ಇಡಿಯಾಗಿಯೇ ಹೊತ್ತೊಯ್ಯುತ್ತಿದ್ದರು. ನಮ್ಮ ಮಲೆನಾಡಿನ ಮುಯ್ಯಾಳಿನಂಥ ಆ ಪದ್ಧತಿಗೆ ಅವರ ಹೆಸರು ‘ಗೊತೊಂಗ್ ರೊಯೊಂಗ್’.

ದೊಡ್ಡ ಮನೆಗೆ ಕ್ರಮ ಬೇರೆ. ಮೊದಲು ಅಳತೆಯ ನಕ್ಷೆ, ಆಮೇಲೆ ಪ್ರತಿ ತುಂಡಿಗೂ ಎರಡು ಕಡೆ ಗುರುತು. ಒಂದೇ ಕಡೆ ಬರೆದರೆ ಮಳೆಗೆ ಅಳಿಸಿಹೋದಾಗ ಗತಿಯಿಲ್ಲ. ಎಡಬಲ ಬರೆಯದೆ ಬಿಟ್ಟರೆ ಜೋಡಿ ತೊಲೆಗಳು ಅದಲುಬದಲಾಗಿ ಗಾಡಿಗಳು ಕೂರುವುದಿಲ್ಲ. ಮಾಡು, ಗೋಡೆಯ ಹಲಗೆ, ನೆಲದ ಹಲಗೆ, ಜಂತಿ, ತೊಲೆ, ಕೊನೆಗೆ ಕಂಬ, ಹೀಗೆ ಇಳಿಸಬೇಕು. ಬೆಣೆಗಳನ್ನು ಹೊಡೆದು ಹೊರತೆಗೆಯಬೇಕು, ಗರಗಸದಲ್ಲಿ ಕೊಯ್ಯಬಾರದು. ಹಳೆಯ ಬೆಣೆಗಳು ಮತ್ತೆ ಬಿಗಿಯಾಗವು, ಹೊಸವು ಬೇಕು. ಕಂಬದ ಬುಡ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಅದೇ ಜಾತಿಯ ಮರದಿಂದ ಕಸಿ ಹಾಕುತ್ತಾರೆ. ಈ ಮನೆಗಳಿಗೆ ಬಳಸುವ ಚೆಂಗಾಲ್ ಮರ ಎಷ್ಟು ಗಟ್ಟಿಯೆಂದರೆ ಮೊದಲು ತೂತು ಕೊರೆಯದೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ, ಇಲ್ಲವೇ ಮರ ಸೀಳುತ್ತದೆ. ಗಾಡಿ ಕೆಲಸ ಬಲ್ಲ ಬಡಗಿ ಸಿಗದೆ ಮೊಳೆಗೆ ಇಳಿದ ಕಡೆಯೆಲ್ಲ ಮನೆ ಹಾಳಾಗಿದೆ.

ಜೋಡಿಸಿದ ಮೇಲಿನ ತಪ್ಪುಗಳು ಇನ್ನೂ ಹೆಚ್ಚು. ನಿಪಾ ಗರಿಯ ಸೋಗೆಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕೆಂದು ತಗಡು ಹಾಕುತ್ತಾರೆ. ಸೋಗೆಯ ಮಾಡು ಬಿಸಿಲನ್ನು ತಡೆಯುತ್ತಿತ್ತು, ತಗಡು ಮಧ್ಯಾಹ್ನದ ಹೊತ್ತಿಗೆ ಒಲೆಯಾಗುತ್ತದೆ. ಕಂಬಗಳ ನಡುವಿನ ಖಾಲಿ ಜಾಗಕ್ಕೆ ಇಟ್ಟಿಗೆ ಗೋಡೆ ಕಟ್ಟಿದರೆ ಒಂದು ಕೋಣೆ ಸಿಗುತ್ತದೆ ನಿಜ, ಆದರೆ ಹಲಗೆಗಳ ಸಂದಿನಿಂದ ಮೇಲೇರುತ್ತಿದ್ದ ಗಾಳಿ ನಿಲ್ಲುತ್ತದೆ, ತೇವ ಮರಕ್ಕೆ ಏರುತ್ತದೆ, ಹಿಂದೆಯೇ ಗೆದ್ದಲು. ಕಂಬವನ್ನು ನೇರ ಕಾಂಕ್ರೀಟಿನಲ್ಲಿ ಹೂಳುವುದಂತೂ ಬೇಡವೇ ಬೇಡ. ಕೆಡಾ ರಾಜ್ಯದಿಂದ ಪೆಂಘುಲು ಅಬು ಸೆಮಾನ್ ಎಂಬ ಮುಖಂಡರ ಮನೆಯನ್ನು 1990ರ ದಶಕದಲ್ಲಿ ಬಿಚ್ಚಿ ತಂದು ಕ್ವಾಲಾಲಂಪುರದಲ್ಲಿ ನಿಲ್ಲಿಸಿದ್ದು ಈ ಕೆಲಸಕ್ಕೆ ಒಳ್ಳೆಯ ಮಾದರಿ. ಆದರೆ ಅದು ನೋಡುವ ಮನೆ, ವಾಸದ ಮನೆಯಲ್ಲ. ವಾಸಕ್ಕಾದರೆ ಸುತ್ತ ಅಂಗಳ ಬೇಕು, ಬೆಂಕಿಯ ಭಯಕ್ಕೆ ಮನೆಮನೆ ನಡುವೆ ಅಂತರ ಬೇಕು. ನಗರದಲ್ಲಿ ಅಷ್ಟು ನೆಲ ಕೊಡುವವರಾರು? ನಿಮ್ಮ ‘ಏನಡ್ಡಿ’ಗೆ ಉತ್ತರ ಇದೇ.

ಫ್ಲ್ಯಾಟಿಗೆ ಹೋದವರು ಕಳೆದುಕೊಂಡದ್ದರಲ್ಲಿ ನಾನು ಮೊದಲು ಹೇಳುವುದು ಬೆಳೆಯುವ ಮನೆಯನ್ನು. ಕಂಪುಂಗಿನಲ್ಲಿ ಹೊಸದಾಗಿ ಮದುವೆಯಾದವರು ಒಂದೇ ಅಂಕಣದ ಮನೆಯಿಂದ ಶುರುಮಾಡಿ, ಮಕ್ಕಳಾದಂತೆ, ಕಾಸು ಕೂಡಿದಂತೆ ಅಂಕಣ ಸೇರಿಸುತ್ತಿದ್ದರು. ಮಲೇಷ್ಯಾದ ಸರ್ಕಾರಿ ಬಾಡಿಗೆ ಫ್ಲ್ಯಾಟ್, ಅಂದರೆ ಪಿಪಿಆರ್, ಮೂರು ಕೋಣೆಯದು, 650ರಿಂದ 700 ಚದರಡಿ, ತಿಂಗಳಿಗೆ 124 ರಿಂಗಿಟ್. ಆ ಬಾಡಿಗೆಗೆ ಅದು ದೊಡ್ಡ ಉಪಕಾರವೇ. ಆದರೆ ಆರು ಮಕ್ಕಳಿದ್ದರೂ ಅಷ್ಟೇ, ಮಗನಿಗೆ ಮದುವೆಯಾದರೂ ಅಷ್ಟೇ. ಸ್ವಂತ ಫ್ಲ್ಯಾಟಾದರೆ ಇನ್ನೊಂದು ಹೊಸ ಖರ್ಚು: ನಿರ್ವಹಣಾ ಶುಲ್ಕ, ಅದರ ಮೇಲೆ ಕಾನೂನಿನಂತೆ ಶೇ 10ರಷ್ಟು ಕಾದಿಟ್ಟ ನಿಧಿ. ಚದರಡಿಗೆ 30 ಸೆನ್ (ನೂರು ಸೆನ್‌ಗೆ ಒಂದು ರಿಂಗಿಟ್) ಎಂದುಕೊಂಡರೂ 900 ಚದರಡಿಗೆ 270, ನಿಧಿ ಸೇರಿ 297 ರಿಂಗಿಟ್, ಪ್ರತಿ ತಿಂಗಳು. ಬಾಡಿಗೆ ಕೋಣೆ, ಅಂಗಡಿಯ ಆದಾಯವಿದ್ದ ಕುಟುಂಬ ಅದನ್ನು ಕಳೆದುಕೊಂಡು ಇದನ್ನು ತಲೆಮೇಲೆ ಹೊತ್ತುಕೊಳ್ಳುತ್ತದೆ. ಅರ್ಧದಷ್ಟು ಮನೆಯವರು ಕಟ್ಟದೆ ಬಿಟ್ಟರೆ ಮೊದಲು ನಿಲ್ಲುವುದು ಲಿಫ್ಟು.

ಎರಡನೆಯದು ನೆಲಮಟ್ಟದ ಜಾಗ. ಮಲಯ ಮದುವೆಗೆ ನೂರಾರು ಜನ ಬರುತ್ತಾರೆ, ಹಿಂದಿನ ದಿನದಿಂದಲೇ ನೆರೆಹೊರೆಯವರು ಕೂಡಿ ಅಡುಗೆ ಮಾಡುತ್ತಾರೆ. ಅದಕ್ಕೆ ‘ರೆವಾಂಗ್’ ಎಂದು ಹೆಸರು. ಸಿಂಗಪುರದ ಎಚ್‌ಡಿಬಿ ಕಟ್ಟಡಗಳ ತಳಮಹಡಿಯನ್ನು 1970ರ ದಶಕದಿಂದ ಖಾಲಿ ಬಿಡತೊಡಗಿದ್ದರಿಂದ ಆ ಮದುವೆಗಳು ಉಳಿದುಕೊಂಡವು. ಟೌನ್ ಕೌನ್ಸಿಲ್‌ನ ಅನುಮತಿ ಪಡೆದು, ಪರದೆ ಕಟ್ಟಿ, ವಾಯ್ಡ್ ಡೆಕ್ ಎನ್ನುವ ಆ ತಳದಲ್ಲಿ ಮದುವೆ ಮಾಡುತ್ತಾರೆ. ನೀವೂ ಕೊಂಪಾಂಗ್ ತಮಟೆಯ ಸದ್ದು ಕೇಳಿರುತ್ತೀರಿ. ಮನೆಯಡಿಯ ಕಂಬಗಳ ನಡುವಿನ ಜಾಗ ಹನ್ನೆರಡು ಮಹಡಿಯ ಅಡಿಗೆ ಬಂದಂತಾಯಿತು. ಅದನ್ನು ಯೋಚಿಸಿದವರಿಗೆ ಕಂಪುಂಗ್ ನೆನಪಿತ್ತೋ ಇಲ್ಲವೋ, ಕೆಲಸಕ್ಕಂತೂ ಬಂತು. ಹೆಣ ಇಳಿಸುವುದು ಮಾತ್ರ ಬಹಳ ಕಾಲ ಕಷ್ಟವೇ ಆಗಿತ್ತು, ಏಕೆಂದರೆ ಹಳೆಯ ಬ್ಲಾಕುಗಳ ಲಿಫ್ಟ್ ಕೆಲವೇ ಮಹಡಿಗಳಲ್ಲಿ ನಿಲ್ಲುತ್ತಿತ್ತು. ಅದನ್ನು ಸರಿಪಡಿಸುವ ಯೋಜನೆ ಬಂದದ್ದು 2001ರಲ್ಲಿ.

ಮೂರನೆಯದು ಒಟ್ಟಿಗಿರುವುದು. ಸಿಂಗಪುರದಲ್ಲಿ 1989ರ ಮಾರ್ಚ್‌ನಿಂದ ಜನಾಂಗವಾರು ಮಿತಿಯಿದೆ: ಮಲಯರು ಒಂದು ಬ್ಲಾಕಿನಲ್ಲಿ ಶೇ 25, ಒಂದು ನೆರೆಹೊರೆಯಲ್ಲಿ ಶೇ 22 ಮೀರುವಂತಿಲ್ಲ. ಗಲಭೆಗಳನ್ನು ಕಂಡ ದೇಶ ಒಂದೊಂದು ಜನಾಂಗ ಒಂದೊಂದು ಮೂಲೆಗೆ ಸೇರದಿರಲಿ ಎಂದು ಮಾಡಿದ ನಿಯಮ, ಅದರ ತರ್ಕ ಅರ್ಥವಾಗುವಂಥದ್ದೇ. ಆದರೆ ಮಿತಿ ತುಂಬಿದ ಬ್ಲಾಕಿನಲ್ಲಿ ಅಪ್ಪ-ಅಮ್ಮನ ಪಕ್ಕದ ಚೀನೀ ಮನೆ ಮಾರಾಟಕ್ಕೆ ಬಂದರೂ ಮಲಯ ಮಗಳು ಕೊಳ್ಳಲಾರಳು. ಅತ್ತ ಚೀನೀಯರ ಮಿತಿ ತುಂಬಿದ ಬ್ಲಾಕಿನಲ್ಲಿ ಮಲಯರವನು ಮಾರಹೊರಟರೆ, ಕೊಳ್ಳುವವರಲ್ಲಿ ಅತಿ ದೊಡ್ಡ ಗುಂಪೇ ಬಾಗಿಲ ಹೊರಗೆ ಉಳಿಯುತ್ತದೆ, ಬೆಲೆಯೂ ಇಳಿಯುತ್ತದೆ.

ಹೆಸರೂ ಹೋಗುವುದುಂಟು. ಕ್ವಾಲಾಲಂಪುರದ ಕಂಪುಂಗ್ ಕೆರಿಂಚಿಯ ಸುತ್ತ ಗಗನಚುಂಬಿಗಳು ಎದ್ದಾಗ ಆ ಪ್ರದೇಶಕ್ಕೆ ‘ಬಾಂಗ್ಸಾರ್ ಸೌತ್’ ಎಂಬ ಹೊಳಪಿನ ಹೆಸರು ಬಂತು. ಊರವರು ತಕರಾರು ತೆಗೆದ ಮೇಲೆ ಹಳೆಯ ಹೆಸರು ಮರಳಿತು. ಕಂಪುಂಗ್ ಅಬ್ದುಲ್ಲಾ ಹುಕುಮ್ ಈಗ ರೈಲು ನಿಲ್ದಾಣದ ಫಲಕದಲ್ಲಿ ಉಳಿದಿದೆ.

ಮುಂದಿನ ಸಲ ಹೋದಾಗ ಗೋಪುರಗಳಿರುವ ಕೆಎಲ್‌ಸಿಸಿ ಕಡೆಯಿಂದ ಸಲೋಮಾ ಸೇತುವೆ ದಾಟಿ ಕಂಪುಂಗ್ ಬಾರುವಿಗೆ ನಡೆದೇ ಹೋಗಿ. 2020ರಲ್ಲಿ ತೆರೆದ ಆ 69 ಮೀಟರ್ ಸೇತುವೆಯ ರೂಪ ಮಲಯ ಮದುವೆಯ ವೀಳ್ಯದೆಲೆಯ ಅಲಂಕಾರದಿಂದ ಬಂದದ್ದು. ದಾಟಿದ ಮೇಲೆ ಗೋಪುರಗಳತ್ತ ತಿರುಗಿ ಫೋಟೊ ತೆಗೆಯುವ ಮೊದಲು ಒಂದೆರಡು ಮನೆಗಳ ಅಡಿ ಬಗ್ಗಿ ನೋಡಿ. ಕಂಬಗಳು ಕಲ್ಲಿನ ಮೇಲೆ ಕೂತಿವೆಯೇ, ನಡುವಿನ ಜಾಗ ಖಾಲಿಯಿದೆಯೇ, ಇಟ್ಟಿಗೆ ಕಟ್ಟಿದ್ದರೆ ಅದಕ್ಕೆ ಎಷ್ಟು ಬಾಗಿಲುಗಳಿವೆ ಎಂದು ಗಮನಿಸಿ. ಬಾಗಿಲಿಗೊಂದು ಚಪ್ಪಲಿ ಸಾಲು ಕಂಡರೆ ಅವು ಬಾಡಿಗೆ ಕೋಣೆಗಳು. ಚದರಡಿಗೆ ಸಾವಿರ ರಿಂಗಿಟ್ ಎಂದಾಗ ಲೆಕ್ಕಕ್ಕೆ ಬಾರದೆ ಹೋದದ್ದು ಆ ಬಾಗಿಲುಗಳು.